ಮಾತು ನಿಂತವರಿಗೆ ಕನ್ನಡದ ಅಕ್ಷರ ಬೋರ್ಡ್: ಮಾಡುವುದು ಹೇಗೆ, ಎಚ್ಚರ ಎಲ್ಲಿ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ಮೈಯ ಸ್ನಾಯುಗಳು ಒಂದೊಂದಾಗಿ ಸೋಲುವ ಎಎಲ್‌ಎಸ್ ಕಾಯಿಲೆ. ಮಾತು ಪೂರ್ತಿ ನಿಂತಿದೆ, ಕೈ ಎತ್ತಲು ಆಗುವುದಿಲ್ಲ. ಕಣ್ಣು ಚೆನ್ನಾಗಿದೆ, ಎಲ್ಲ ಅರ್ಥವಾಗುತ್ತದೆ. ಇಂಗ್ಲಿಷ್ ಅಕ್ಷರದ ಬೋರ್ಡ್ ಸಿಗುತ್ತದೆ, ಆದರೆ ಅವರು ಓದಿದ್ದೆಲ್ಲ ಕನ್ನಡ. 49 ಅಕ್ಷರ, ಅದರ ಮೇಲೆ ಗುಣಿತ, ಒತ್ತು. ಇದನ್ನೆಲ್ಲ ಬೋರ್ಡಿಗೆ ತರುವುದು ಹೇಗೆ? ಇನ್ನೊಂದು ವಿಷಯ: ಅಕ್ಕನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ, ಮಾತು ಬಂದಿಲ್ಲ. ಯಾರೋ ಬೋರ್ಡ್ ಹಿಡಿದು ಇಂಥ ಮಕ್ಕಳಿಂದ ಉದ್ದುದ್ದ ವಾಕ್ಯ ಬರೆಸುವ ವಿಡಿಯೋ ನೋಡಿದೆವು. ಒಂದೇ ವಿಧಾನ ಇಬ್ಬರಿಗೂ ಆಗುತ್ತದೆಯೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇವೆ: ಆಗುವುದಿಲ್ಲ. ನೋಡಲು ಎರಡೂ ಅಕ್ಷರದ ಬೋರ್ಡೇ. ಆದರೆ ಅಕ್ಷರವನ್ನು ಆರಿಸುತ್ತಿರುವವರು ಯಾರು ಎಂಬಲ್ಲಿ ಎರಡಕ್ಕೂ ತುಂಬಾ ವ್ಯತ್ಯಾಸವಿದೆ. ನಿಮ್ಮ ತಂದೆಯ ಬೋರ್ಡ್ ಮಾಡುವಾಗಲೂ ಇದೇ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಹಾಗಾಗಿ ಮೊದಲು ಅವರ ವಿಷಯ.

ಎಎಲ್‌ಎಸ್‌ನಲ್ಲಿ ಕೈಕಾಲು, ನಾಲಿಗೆ, ಉಸಿರಿನ ಸ್ನಾಯುಗಳು ಸೋತರೂ ಕಣ್ಣು ಹೊರಳಿಸುವ ಸ್ನಾಯುಗಳು ಸಾಮಾನ್ಯವಾಗಿ ಬಹಳ ಕಾಲ ಉಳಿಯುತ್ತವೆ. ಕಣ್ಣಿನಿಂದ ನಡೆಯುವ ಬೋರ್ಡ್ ಈ ಕಾಯಿಲೆಗೆ ಹೊಂದುವುದು ಅದಕ್ಕೇ. ಇದೇ ಕಾಯಿಲೆಯಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ, ಉಸಿರಾಡಲು ಗಂಟಲಿನಲ್ಲಿ ರಂಧ್ರ ಮಾಡುವ ಟ್ರೆಕಿಯಾಸ್ಟಮಿ ಆಗಿ ಮಾತು ಹೋದ ಮೇಲೆ, ಕಂಪ್ಯೂಟರ್ ಕೈಗೆ ಬರುವ ತನಕ, ಎದುರಿನವರು ಕಾರ್ಡಿನಲ್ಲಿ ಸರಿಯಾದ ಅಕ್ಷರ ತೋರಿಸಿದಾಗ ಹುಬ್ಬು ಎತ್ತಿ ಮಾತಾಡುತ್ತಿದ್ದರು.

ಬೋರ್ಡಿಗೂ ಮುಂಚೆ ಹೌದು-ಇಲ್ಲ ಎರಡಕ್ಕೂ ಸನ್ನೆ ಗಟ್ಟಿಯಾಗಬೇಕು. ಕಣ್ಣು ಮೇಲಕ್ಕೆತ್ತಿದರೆ ಹೌದು, ಎರಡು ಸೆಕೆಂಡು ಮುಚ್ಚಿದರೆ ಇಲ್ಲ. ಬರೀ ರೆಪ್ಪೆ ಬಡಿಯುವುದನ್ನು ಸನ್ನೆ ಮಾಡಿಕೊಳ್ಳಬೇಡಿ. ಎಲ್ಲರ ರೆಪ್ಪೆಯೂ ತನ್ನಷ್ಟಕ್ಕೆ ಬಡಿಯುತ್ತಲೇ ಇರುತ್ತದೆ. 'ಏನೂ ಮಾಡದಿದ್ದರೆ ಇಲ್ಲ ಎಂದರ್ಥ' ಅಂತಲೂ ಇಟ್ಟುಕೊಳ್ಳಬೇಡಿ, ಅವರು ನಿದ್ದೆಗೆ ಜಾರಿದ್ದರೂ ಅದು 'ಇಲ್ಲ' ಆಗಿಬಿಡುತ್ತದೆ. ಉತ್ತರ ನಿಮಗೆ ಗೊತ್ತಿರುವ ಹತ್ತು ಪ್ರಶ್ನೆ ಕೇಳಿ, ಹೌದು ಐದು, ಇಲ್ಲ ಐದು, ಬೆರೆಸಿ. ಹತ್ತೂ ಸರಿ ಬಂದರೆ ಮುಂದಕ್ಕೆ ಹೋಗಿ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯವಿರಲಿ. "ನೀರು ಬೇಕಾ, ಕಾಫಿ ಬೇಕಾ?" ಎಂದರೆ ಅವರು ಕಣ್ಣೆತ್ತಿ ಏನು ಹೇಳಬೇಕು?

ಇನ್ನು ಅಕ್ಷರಗಳು. 49ನ್ನೂ ಬೋರ್ಡಿನಲ್ಲಿ ತುಂಬಿದರೆ ಒಂದು ಪದಕ್ಕೆ ಐದು ನಿಮಿಷ ಬೇಕಾಗುತ್ತದೆ, ಮೂರನೇ ದಿನಕ್ಕೆ ಮನೆಯವರೂ ಬೇಸತ್ತು ಬೋರ್ಡ್ ಅಟ್ಟ ಸೇರುತ್ತದೆ. ಇಲ್ಲಿ ಕಾಗುಣಿತ ತಪ್ಪಿಲ್ಲದೆ ಬರೆಯುವುದು ಮುಖ್ಯವಲ್ಲ, ಎದುರಿನವರಿಗೆ ಪದ ಹೊಳೆದರೆ ಸಾಕು. ಖರ್ಚು ಎನ್ನುವುದನ್ನು 'ಕರ್ಚು' ಎಂದು ಬರೆದರೂ ಯಾರಿಗೂ ಗೊಂದಲವಾಗುವುದಿಲ್ಲ. ಆದ್ದರಿಂದ ಮಹಾಪ್ರಾಣಗಳು ಬೇಡ, ಙ ಞ ಬೇಡ, ಷ ಇದ್ದಲ್ಲಿ ಶ ಸಾಕು. ಸ್ವರಗಳಲ್ಲಿ ಹ್ರಸ್ವ, ದೀರ್ಘ ಎರಡಕ್ಕೂ ಒಂದೇ ಗುರುತು. ಋ ಬಂದರೆ ರ, ಉ. ಐ ಬಂದರೆ ಅ, ಇ. ಔ ಬಂದರೆ ಅ, ಉ. ಇಷ್ಟು ಇಳಿಸಿದರೆ 27 ಗುರುತು ಉಳಿಯುತ್ತವೆ, ಆರು ಸಾಲಿಗೆ ಸರಿಹೋಗುತ್ತವೆ:

1. ಅ ಇ ಉ ಎ ಒ ಂ
2. ಕ ಗ ಚ ಜ
3. ತ ದ ನ ಟ ಡ ಣ
4. ಪ ಬ ಮ
5. ಯ ರ ಲ ವ
6. ಶ ಸ ಹ ಳ

ಬಾಲ್ಯದಲ್ಲಿ ಬಾಯಿಪಾಠ ಮಾಡಿದ ವರ್ಣಮಾಲೆಯ ಕ್ರಮವನ್ನು ಬೇಕೆಂದೇ ಉಳಿಸಿದ್ದೇವೆ. ಹೆಚ್ಚು ಬಳಕೆಯ ಅಕ್ಷರಗಳನ್ನೆಲ್ಲ ಮುಂದಕ್ಕೆ ತಂದರೆ ಲೆಕ್ಕದಲ್ಲಿ ವೇಗ ಹೆಚ್ಚುತ್ತದೆ, ನಿಜ. ಆದರೆ 64ರ ವಯಸ್ಸಿನಲ್ಲಿ ಹೊಸ ಕ್ರಮ ಕಲಿಯುವ ಶ್ರಮ ಬೇರೆ. ಈಗಿನ ಜೋಡಣೆಯಲ್ಲಿ ಲ ಎಲ್ಲಿದೆ ಎಂದು ಅವರು ಹುಡುಕಬೇಕಾಗಿಲ್ಲ. ಬದಲಿಸಿದ್ದು ಒಂದೇ: ತ ದ ನ ಟವರ್ಗಕ್ಕಿಂತ ಮುಂದೆ ಬಂದಿದೆ, ಕನ್ನಡದಲ್ಲಿ ದ, ನ ಅಷ್ಟು ಸಲ ಬರುತ್ತವೆ.

ಗುಣಿತಕ್ಕೆ ನಿಯಮ ಇಷ್ಟು. ವ್ಯಂಜನ ಆರಿಸಿ, ಬೇಕಾದರೆ ಒಂದನೇ ಸಾಲಿಗೆ ಬಂದು ಸ್ವರ ಆರಿಸುವುದು. ಹ್ರಸ್ವ ಅಕಾರವನ್ನು ತೋರಿಸಬೇಕಾಗಿಲ್ಲ. ವ್ಯಂಜನದ ಮುಂದೆ ಅ ತೋರಿಸಿದರೆ ಅದು ದೀರ್ಘ ಆ. ಒತ್ತಿಗೆ ಬೇರೆ ಗುರುತಿಲ್ಲ, ಮುಂದಿನ ವ್ಯಂಜನವನ್ನು ಹಾಗೇ ಆರಿಸಿದರಾಯಿತು. ಅಮ್ಮ ಎಂದರೆ ಅ, ಮ, ಮ. ಹೊಟ್ಟೆ ಎಂದರೆ ಹ, ಒ, ಟ, ಟ, ಎ. ಹಲ್ಲು ಎಂದರೆ ಹ, ಲ, ಲ, ಉ. ಹಾಲು ಎಂದರೆ ಹ, ಅ, ಲ, ಉ. ಹಲ್ಲುನೋವಿಗೆ ಹಾಲು ಕುಡಿಸುವ ಪ್ರಮೇಯ ಬರಬಾರದಲ್ಲ, ಅದಕ್ಕೆ ಈ ಎರಡು ಪದಗಳನ್ನೇ ಮೊದಲ ದಿನದ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಕನ್ನಡದ ಸ್ವಭಾವವೂ ನಿಮಗೆ ನೆರವಾಗುತ್ತದೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಹೊರಗಿನಿಂದ ಬಂದ ಪದಕ್ಕೂ ಕೊನೆಯಲ್ಲಿ ಉಕಾರ ಅಂಟಿಕೊಳ್ಳುತ್ತದೆ: ಕಾರು, ಬಸ್ಸು. ಹಾಗಾಗಿ ಕೊನೆಯ ಉ ತೋರಿಸದಿದ್ದರೂ ನಡೆಯುತ್ತದೆ. ಪದ ಣ ಅಥವಾ ಳ ಇಂದ ಶುರುವಾಗುವುದಿಲ್ಲ. ಮೊದಲ ಅಕ್ಷರಕ್ಕೆ ಇವೆರಡನ್ನೂ ಬಿಟ್ಟು ಓದಬಹುದು.

ಬೋರ್ಡ್ ಬಳಸುವ ದಾರಿ ಎರಡು. ಮೊದಲನೆಯದಕ್ಕೆ ಒಂದು ಎ4 ಹಾಳೆ ಸಾಕು. ಅಕ್ಷರಗಳು ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗದಿರಲಿ, ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು. ಲ್ಯಾಮಿನೇಷನ್ ಮಾಡಿಸುವುದಾದರೆ ಹೊಳಪಿಲ್ಲದ್ದು ಕೇಳಿ, ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಟ್ಯೂಬ್‌ಲೈಟ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನೀವು ಸಾಲಿನ ಸಂಖ್ಯೆ ಓದುತ್ತೀರಿ: ಒಂದು, ಎರಡು, ಮೂರು. ಅವರು ಕಣ್ಣೆತ್ತಿದ ಕೂಡಲೇ ಆ ಸಾಲಿನ ಅಕ್ಷರ ಓದುತ್ತೀರಿ: ತ, ದ, ನ. ಮತ್ತೆ ಕಣ್ಣೆತ್ತಿದರೆ ನ ಸಿಕ್ಕಿತು. ಪ್ರತಿ ಓದಿನ ನಡುವೆ ಒಂದೂವರೆ ಸೆಕೆಂಡು ಬಿಡಿ. ನೀರು ಎಂದು ಪೂರ್ತಿ ಬರೆಯಲು ನಕ್ಕೆ ಆರು, ಇಗೆ ಮೂರು, ರಕ್ಕೆ ಏಳು, ಉಗೆ ನಾಲ್ಕು, ಒಟ್ಟು 20 ಸಲ ಓದಬೇಕು. ಅರ್ಧ ನಿಮಿಷ. ಕಣ್ಣು ಬಲಕ್ಕೆ ಹೊರಳಿಸಿದರೆ ಪದ ಮುಗಿಯಿತು, ಎಡಕ್ಕೆ ಹೊರಳಿಸಿದರೆ ಈಗ ಬಂದ ಅಕ್ಷರ ತಪ್ಪು ಎಂದು ಒಪ್ಪಂದ ಮಾಡಿಕೊಳ್ಳಿ.

ಬಂದ ಅಕ್ಷರವನ್ನೆಲ್ಲ ಒಡನೆಯೇ ಕಾಗದದ ಮೇಲೆ ಬರೆದುಕೊಳ್ಳಿ. ನೆನಪಿಟ್ಟುಕೊಳ್ಳುತ್ತೇನೆ ಎನ್ನುವವರು ನಾಲ್ಕನೇ ಅಕ್ಷರಕ್ಕೆ ಮೊದಲನೆಯದನ್ನು ಮರೆತಿರುತ್ತಾರೆ, ಮತ್ತೆ ಮೊದಲಿಂದ ಶುರುಮಾಡುವ ಕಷ್ಟ ತಂದೆಯದು.

ಎರಡನೆಯದು ಪಾರದರ್ಶಕ ಬೋರ್ಡ್. 3 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆ, ಅಗಲ 42, ಎತ್ತರ 30 ಸೆಂಟಿಮೀಟರ್. ನಡುವೆ 15 ಸೆಂಟಿಮೀಟರ್ ಅಗಲ, 10 ಎತ್ತರದ ಕಿಂಡಿ. ನೇಮ್ ಬೋರ್ಡ್ ಮಾಡುವವರು ಕತ್ತರಿಸಿ ಕೊಡುತ್ತಾರೆ, ಅಂಚನ್ನು ಎಮರಿ ಪೇಪರಿನಿಂದ ಉಜ್ಜಿಸಿಕೊಳ್ಳಿ. ಕಿಂಡಿಯ ಮೇಲೆ ಮೂರು ಗುಂಪು, ಕೆಳಗೆ ಮೂರು ಗುಂಪು. ಮೇಲಿನ ಆರು ಸಾಲುಗಳೇ ಈ ಆರು ಗುಂಪುಗಳು. ಗುಂಪಿನೊಳಗೂ ಅಕ್ಷರಗಳು ಅದೇ ಥರ, ಮೇಲೆ ಮೂರು, ಕೆಳಗೆ ಮೂರು. ಕಿಂಡಿಯಿಂದ ಅವರ ಕಣ್ಣು ನಿಮಗೆ ನೇರ ಕಾಣುವಂತೆ ಎದುರಿಗೆ ಕೂರಿ, ಇಬ್ಬರ ಮುಖದ ನಡುವೆ ಒಂದು ತೋಳಿನುದ್ದಕ್ಕಿಂತ ಸ್ವಲ್ಪ ಹೆಚ್ಚು ಅಂತರವಿರಲಿ, ಬೋರ್ಡ್ ಮಧ್ಯದಲ್ಲಿರಲಿ.

ಅವರು ಎರಡು ಸಲ ನೋಡಬೇಕು. ಮೊದಲ ನೋಟ ಗುಂಪಿಗೆ, ಎರಡನೆಯ ನೋಟ ಆ ಗುಂಪಿನಲ್ಲಿ ಅಕ್ಷರ ಇರುವ ಜಾಗವನ್ನು ಸೂಚಿಸುವ ದಿಕ್ಕಿಗೆ. ರ ಬೇಕೆಂದರೆ ಅದು ಐದನೇ ಗುಂಪಿನ ಎರಡನೇ ಜಾಗ. ಮೊದಲು ಕೆಳಗಿನ ನಡುವಿಗೆ, ಆಮೇಲೆ ಮೇಲಿನ ನಡುವಿಗೆ. ಎರಡು ನೋಟದ ನಡುವೆ ನಿಮ್ಮ ಮೂಗಿನ ತುದಿಗೆ ಕಣ್ಣು ತರಬೇಕು. ಇದನ್ನು ಬಿಟ್ಟರೆ ಒಂದು ನೋಟ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ತಿಳಿಯದೆ ಎಲ್ಲ ಕಲಸಿಹೋಗುತ್ತದೆ. ಅಕ್ಷರಗಳು ನಿಮ್ಮ ಕಡೆಯಿಂದ ತಿರುವುಮುರುವಾಗಿ ಕಾಣುವುದರಿಂದ, ಹಿಂಬದಿಯಲ್ಲಿ ಪ್ರತಿ ಗುಂಪಿನ ಸಂಖ್ಯೆ, ಅಕ್ಷರ ಬರೆದ ಸ್ಟಿಕ್ಕರ್ ಅಂಟಿಸಿ. ಅವರ ಎಡ ನಿಮ್ಮ ಬಲ ಎಂಬುದನ್ನು ಹೊಸಬರು ಮರೆಯುವುದು ಸಾಮಾನ್ಯ. ಕಿಟಕಿ ಅವರ ಬೆನ್ನ ಹಿಂದಿದ್ದರೆ ಅವರ ಕಣ್ಣು ನಿಮಗೆ ಕಾಣುವುದಿಲ್ಲ, ಹಾಸಿಗೆಯನ್ನು ತಿರುಗಿಸಿ. ರೂಢಿಯಾದ ಮೇಲೆ ಸಾಲು ಓದುವುದಕ್ಕಿಂತ ಇದು ಬಹಳ ಬೇಗ ನಡೆಯುತ್ತದೆ.

ಆದರೆ ಮೊದಲ ದಾರಿಯನ್ನು ಕೈಬಿಡಬೇಡಿ. ದಣಿದಾಗ, ರಾತ್ರಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾಸ್ಕ್ ಹಾಕಿದಾಗ, ಕತ್ತು ಒಂದು ಕಡೆ ವಾಲಿದಾಗ ಸಾಲು ಓದುವುದೇ ಗತಿ. ಪಕ್ಕದ ಮನೆಯಲ್ಲಿ ಬೇರೆ ಕಾಯಿಲೆಯವರು ಇದ್ದು ನಿಮ್ಮ ಬೋರ್ಡ್ ಕೇಳಿದರೆ ಇದನ್ನೂ ಹೇಳಿ: ಮಿದುಳಿನ ಕಾಂಡಕ್ಕೆ ಸ್ಟ್ರೋಕ್ ಆಗಿ ಇಡೀ ಮೈ ಸ್ತಬ್ಧವಾದವರಲ್ಲಿ ಕಣ್ಣು ಮೇಲೆ-ಕೆಳಗೆ ಮಾತ್ರ ಹೊರಳುತ್ತದೆ, ಪಕ್ಕಕ್ಕೆ ಹೊರಳುವುದಿಲ್ಲ. ಅವರಿಗೆ ಪಾರದರ್ಶಕ ಬೋರ್ಡ್ ಕೆಲಸಕ್ಕೆ ಬಾರದು, ಸಾಲು ಓದುವ ಬೋರ್ಡ್ ಬರುತ್ತದೆ. ಮಿದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿ ಭಾಷೆಗೇ ಪೆಟ್ಟು ಬಿದ್ದವರಿಗೆ ಯಾವ ಅಕ್ಷರ ಬೋರ್ಡೂ ಸಾಮಾನ್ಯವಾಗಿ ಒಗ್ಗುವುದಿಲ್ಲ. ಪದವನ್ನೇ ಕಳೆದುಕೊಂಡವರು ಅಕ್ಷರ ಜೋಡಿಸುವುದಾದರೂ ಹೇಗೆ? ಅವರಿಗೆ ಚಿತ್ರ, ಫೋಟೋ, ಸನ್ನೆಗಳಿಂದ ಶುರುಮಾಡಬೇಕು.

ಅಕ್ಷರದ ಬೋರ್ಡಿನ ಹಿಂಬದಿಗೆ ಮಾತಿನ ಪಟ್ಟಿ ಇರಲಿ. ಕಫ ತೆಗೆಯಿರಿ, ಮಗ್ಗುಲು ಬದಲಿಸಿ, ತಲೆದಿಂಬು ಸರಿಮಾಡಿ, ಮಾಸ್ಕ್ ಒತ್ತುತ್ತಿದೆ, ತುರಿಕೆ, ಸೊಳ್ಳೆ, ಫ್ಯಾನ್, ಬಚ್ಚಲಿಗೆ. ಜೊತೆಗೆ ಎಲ್ಲರೂ ಮರೆಯುವ ಮೂರು ಮಾತು: 'ನಾನಿನ್ನೂ ಮುಗಿಸಿಲ್ಲ', 'ನೀನು ತಪ್ಪು ತಿಳಿದುಕೊಂಡೆ', 'ಬೇರೆ ವಿಷಯ ಹೇಳಬೇಕು'. ಇವಿಲ್ಲದಿದ್ದರೆ ಅವರು ಕೇಳಿದ್ದಕ್ಕೆ ಉತ್ತರ ಕೊಡುವ ಮನುಷ್ಯರಾಗಿಯೇ ಉಳಿಯುತ್ತಾರೆ, ತಾವಾಗಿ ಮಾತು ತೆಗೆಯಲು ದಾರಿಯೇ ಇರುವುದಿಲ್ಲ. ನೀವು ಕೋಣೆಯಲ್ಲಿ ಇಲ್ಲದಾಗ ಕರೆಯಲು ಒಂದು ಬೆಲ್ಲೂ ಬೇಕು. ಒಂದು ಬೆರಳೋ, ಕಾಲಿನ ಹೆಬ್ಬೆರಳೋ ಸ್ವಲ್ಪ ಅಲುಗಿದರೆ ಸಾಕು, ಅದರಡಿಗೆ ವೈರ್‌ಲೆಸ್ ಬೆಲ್ಲಿನ ಮೆತ್ತನೆಯ ಗುಂಡಿ ಇಡಬಹುದು.

ಈಗ ಬಹಳ ನಾಜೂಕಾದ ಭಾಗ: ಊಹೆ. ಊಹಿಸದೆ ಈ ಬೋರ್ಡ್ ನಡೆಯುವುದಿಲ್ಲ, ಆದರೆ ಊಹೆಯೇ ಅವರ ಮಾತನ್ನು ಕಿತ್ತುಕೊಳ್ಳಲೂಬಹುದು. ನ, ಇ ಬಂತು ಎನ್ನಿ. ನೀವು "ನೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಲೋಟ ತರಲು ಎದ್ದಿರಿ. ಅವರು ಹೇಳಹೊರಟಿದ್ದು ನಿನ್ನೆ ಬಂದ ಡಾಕ್ಟರ ವಿಷಯ. ಊಹೆಯನ್ನು ಪ್ರಶ್ನೆಯಾಗಿ ಇಡಿ, ಹೌದು ಅಥವಾ ಇಲ್ಲ ಎಂಬ ಸನ್ನೆ ಬರುವ ತನಕ ಕಾಯಿರಿ, ಇಲ್ಲ ಎಂದರೆ ಮುಂದಿನ ಅಕ್ಷರಕ್ಕೆ ಹೋಗಿ. ನ, ಇ, ನ ಆದ ಮೇಲೆ "ನಿನ್ನೆನಾ?" ಎಂದು ಕೇಳಿ. ಒಂದು ಪದಕ್ಕೆ ಎರಡು ಊಹೆ ಸಾಕು, ಮೂರನೆಯದು ಅವರಿಗೆ ಕಿರಿಕಿರಿ.

ನಿಮ್ಮ ದನಿಯ ಬಗ್ಗೆಯೂ ಎಚ್ಚರವಿರಲಿ. ಬರಬೇಕೆಂದು ನೀವು ಎಣಿಸಿದ ಅಕ್ಷರ ಬಂದಾಗ ದನಿ ತುಸು ಏರುತ್ತದೆ, ಓದುವುದು ನಿಧಾನವಾಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಇದು ನಿಮಗೆ ಗೊತ್ತೇ ಆಗುವುದಿಲ್ಲ. 1907ರಲ್ಲಿ ಬರ್ಲಿನ್ನಿನ ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್ಸ್ಟ್, ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ ಹಾನ್ಸ್ ಎಂಬ ಕುದುರೆಯನ್ನು ಪರೀಕ್ಷಿಸಿ ಇದನ್ನೇ ಕಂಡುಹಿಡಿದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಕಾಲು ಕುಟ್ಟುವುದನ್ನು ನಿಲ್ಲಿಸಬೇಕಾದ ಹೊತ್ತಿಗೆ ಎದುರಿನವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ಓದುತ್ತಿತ್ತು. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಆದ್ದರಿಂದ ಒಂದೇ ದನಿ, ಒಂದೇ ಗತಿ. ದೊಡ್ಡ ವಿಷಯಗಳಲ್ಲಿ, ಉದಾಹರಣೆಗೆ ಟ್ರೆಕಿಯಾಸ್ಟಮಿ ಬೇಕೋ ಬೇಡವೋ, ಆಸ್ತಿ ಯಾರಿಗೆ ಎಂಬಲ್ಲಿ, ಬೇರೆ ಬೇರೆ ದಿನ ಬೇರೆ ಬೇರೆ ಇಬ್ಬರು ಕೇಳಬೇಕು, ಒಂದು ಸಲ "ಬೇಕಾ?" ಎಂದೂ ಇನ್ನೊಂದು ಸಲ "ಬೇಡವಾ?" ಎಂದೂ. ಉತ್ತರ ಎರಡೂ ಕಡೆ ಹೊಂದಬೇಕು. ಆ ಪ್ರಶ್ನೆಯ ಫಲದಲ್ಲಿ ಪಾಲಿರುವವರು ಬೋರ್ಡ್ ಹಿಡಿಯಬಾರದು.

ಎಎಲ್‌ಎಸ್ ಇರುವವರಲ್ಲಿ ಶೇಕಡಾ 10ರಿಂದ 15ರಷ್ಟು ಜನರಿಗೆ ನಡವಳಿಕೆ, ಭಾಷೆಯನ್ನು ಕೆಡಿಸುವ ಒಂದು ಬಗೆಯ ಡಿಮೆನ್ಷಿಯಾ ಕಾಯಿಲೆಯೂ ಜೊತೆಗೂಡುತ್ತದೆ. ಒಂದೇ ಅಕ್ಷರಕ್ಕೆ ಮತ್ತೆ ಮತ್ತೆ ಅಂಟಿಕೊಳ್ಳುವುದು, ಪದ ಅರ್ಧಕ್ಕೆ ಬಿಡುವುದು ದಿನದಿನಕ್ಕೆ ಹೆಚ್ಚಿದರೆ ದಣಿವೆಂದು ಬಿಡದೆ ನರರೋಗ ತಜ್ಞರಿಗೆ ಹೇಳಿ.

ಇನ್ನು ಅಕ್ಕನ ಮಗ. ನೀವು ನೋಡಿದಂಥ ವಿಧಾನಗಳಿಗೆ ಉದ್ದದ ಇತಿಹಾಸವಿದೆ. 1970ರ ದಶಕದ ಕೊನೆಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೋಸ್‌ಮೇರಿ ಕ್ರಾಸ್ಲಿ, ಕೈ ಹತೋಟಿಯಿಲ್ಲದವರ ಕೈಗೆ ಆಸರೆ ಕೊಟ್ಟು ಅಕ್ಷರ ತೋರಿಸುವಂತೆ ಮಾಡುವ 'ಫೆಸಿಲಿಟೇಟೆಡ್ ಕಮ್ಯುನಿಕೇಷನ್' ಶುರುಮಾಡಿದರು. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದ ಡಗ್ಲಸ್ ಬಿಕ್ಲೆನ್ 1990ರಲ್ಲಿ ಅದರ ಬಗ್ಗೆ ಬರೆದ ಮೇಲೆ ಆಟಿಸಂ ಇರುವ ಮಕ್ಕಳ ಸಾವಿರಾರು ಮನೆಗಳಿಗೆ ಅದು ಹಬ್ಬಿತು. 1993ರಲ್ಲಿ ನ್ಯೂಯಾರ್ಕ್ ರಾಜ್ಯದ ಓ. ಡಿ. ಹೆಕ್ ಕೇಂದ್ರದಲ್ಲಿ ಆಟಿಸಂ ಇರುವ 12 ಮಂದಿಯನ್ನು, ಅವರ ಕೈಗೆ ಆಸರೆ ಕೊಡುತ್ತಿದ್ದ 9 ಸಹಾಯಕರನ್ನು ಕೂರಿಸಿ ಚಿತ್ರ ತೋರಿಸಿದರು. ಇಬ್ಬರಿಗೂ ಬೇರೆ ಬೇರೆ ಚಿತ್ರ ಕಂಡಾಗ, ತಾನು ನೋಡಿದ ಚಿತ್ರದ ಹೆಸರನ್ನು ಒಬ್ಬರೂ ಬರೆಯಲಿಲ್ಲ. ಹಲವು ಸಲ ಬೋರ್ಡಿನಲ್ಲಿ ಬಂದದ್ದು ಸಹಾಯಕರಿಗೆ ಕಂಡ ಚಿತ್ರದ ಹೆಸರು. ಸಹಾಯಕರಿಗೇ ಆಘಾತವಾಯಿತು, ಬರೆಸುತ್ತಿದ್ದದ್ದು ತಾವೇ ಎಂಬ ಅರಿವು ಅವರಿಗಿರಲಿಲ್ಲ.

ಕೈ ಹಿಡಿಯದೆ, ಬೋರ್ಡನ್ನು ಮಾತ್ರ ಹಿಡಿದು, ಪ್ರಶ್ನೆ, ಪ್ರೇರಣೆ ಬೆನ್ನುಬೆನ್ನಿಗೆ ಕೊಡುತ್ತಾ ಬರೆಸುವ 'ರ್‍ಯಾಪಿಡ್ ಪ್ರಾಂಪ್ಟಿಂಗ್' ವಿಧಾನಕ್ಕೆ ನಮ್ಮ ನಾಡಿನ ನಂಟಿದೆ. ಅದನ್ನು ರೂಪಿಸಿದ ಸೋಮಾ ಮುಖೋಪಾಧ್ಯಾಯ, ಆಟಿಸಂ ಇದ್ದ ಮಗ ಟಿಟೊನಿಗೆ ಕಲಿಸುತ್ತಾ ಮೈಸೂರು, ಬೆಂಗಳೂರುಗಳಲ್ಲಿದ್ದವರು. 2001ರಲ್ಲಿ ಅಮೆರಿಕಕ್ಕೆ ಹೋದರು. ಒಬ್ಬ ತಾಯಿ ಮಗನಿಗಾಗಿ ಪಟ್ಟ ಶ್ರಮದ ಬಗ್ಗೆ ನಮಗೆ ಗೌರವವಿದೆ. ಆದರೆ ಆ ವಿಧಾನದಲ್ಲಿ ಬಂದ ವಾಕ್ಯ ಮಗುವಿನದೇ ಎಂದು ತೋರಿಸುವ ನಿಯಂತ್ರಿತ ಪರೀಕ್ಷೆಗಳಿಲ್ಲ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘವಾದ ಆಶಾ 2018ರಲ್ಲಿ ಈ ಎರಡೂ ವಿಧಾನಗಳನ್ನು ಬಳಸಬಾರದೆಂದು ತನ್ನ ನಿಲುವು ಪ್ರಕಟಿಸಿದೆ. ಗಾಳಿಯಲ್ಲಿ ಹಿಡಿದ ಬೋರ್ಡ್ ಬೆರಳಿನ ಕಡೆಗೆ ಒಂದೆರಡು ಸೆಂಟಿಮೀಟರ್ ಸರಿದರೆ ಅಕ್ಷರವೇ ಬದಲಾಗುತ್ತದೆ. ವಿಡಿಯೋವನ್ನು ಮತ್ತೊಮ್ಮೆ, ಈ ಸಲ ಮಗುವನ್ನು ಬಿಟ್ಟು ಬೋರ್ಡಿನ ಅಂಚನ್ನೇ ನೋಡಿ.

ಯಾರಾದರೂ ನಿಮ್ಮ ಅಕ್ಕನಿಗೆ ಇಂಥ ತರಬೇತಿ ಹೇಳಿದರೆ ಹೀಗೆ ಕೇಳಲಿ: ಸಹಾಯಕರು ಹೊರಗಿರುವಾಗ ಹುಡುಗನಿಗೆ ಒಂದು ವಸ್ತು ಕೊಟ್ಟು ಆಡಿಸುತ್ತೇವೆ, ಆಮೇಲೆ ನೀವು ಒಳಗೆ ಬಂದು ಅದೇನೆಂದು ಅವನಿಂದ ಬರೆಸುತ್ತೀರಾ? ಬೋರ್ಡನ್ನು ಮೇಜಿಗೆ ಬಿಗಿದು ಬರೆಸುತ್ತೀರಾ? 'ಪರೀಕ್ಷೆ ಮಾಡಿದರೆ ನಂಬಿಕೆ ಮುರಿಯುತ್ತದೆ' ಎಂಬ ಉತ್ತರ ಬಂದರೆ ಅಲ್ಲಿಗೆ ಬಿಟ್ಟುಬಿಡಿ. ಅವನಿಗೆ ಹೇಳಲು ಏನೂ ಇಲ್ಲವೆಂದು ನಾವು ಹೇಳುತ್ತಿಲ್ಲ, ಬೇಕಾದಷ್ಟು ಇರುತ್ತದೆ. ಅವನ ಹೆಸರಿನಲ್ಲಿ ಬೇರೆಯವರ ವಾಕ್ಯ ಓಡಾಡತೊಡಗಿದರೆ, ಅವನ ನಿಜವಾದ ಬೇಕು-ಬೇಡಗಳನ್ನು ಕೇಳುವವರೇ ಇಲ್ಲವಾಗುತ್ತಾರೆ. ಹೊಟ್ಟೆನೋವಿಗೆ ಕಿರುಚಿದ ಮಗುವಿನ ಬೋರ್ಡಿನಲ್ಲಿ ಕವಿತೆ ಬಂದರೆ ನೋವು ಹಾಗೇ ಉಳಿಯುತ್ತದೆ.

ಅವನಿಗೆ ಬೇಕಾದದ್ದು ಚಿತ್ರ ಅಥವಾ ಪದಗಳ ಬೋರ್ಡ್, ಇಲ್ಲವೇ ಒತ್ತಿದರೆ ಮಾತಾಡುವ ಟ್ಯಾಬ್. ಮೇಜಿನ ಮೇಲೋ ಮಡಿಲಲ್ಲೋ ನಿಂತಿರುವಂಥದ್ದು, ಯಾರೂ ಹಿಡಿಯದೆ ತಾನೇ ಬೆರಳಿಡುವಂಥದ್ದು. ಬೇಕು, ಬೇಡ, ಇನ್ನೂ, ಸಾಕು, ಹೋಗು, ಬಾ, ನೋಡು, ಕೊಡು, ನೋವು ಇಂಥ ಎಲ್ಲ ಹೊತ್ತಿಗೂ ಬರುವ 20 ಪದದಿಂದ ಶುರುಮಾಡಿ. ಮೊದಲ ಕೆಲವು ವಾರ ಅವನಿಂದ ಏನೂ ಕೇಳಬೇಡಿ. ಅಕ್ಕ ತಾನು ಮಾತಾಡುವಾಗ ತಾನೇ ಆ ಪದದ ಮೇಲೆ ಬೆರಳಿಟ್ಟು ತೋರಿಸುತ್ತಿರಲಿ. "ಇನ್ನೂ ದೋಸೆ ಬೇಕಾ?" ಎನ್ನುವಾಗ 'ಇನ್ನೂ' ಒತ್ತಲಿ. ಇದರಿಂದ ಮಾತು ಬರುವುದು ತಡವಾಗುತ್ತದೆಂಬ ಭಯ ಬೇಡ, ಅದಕ್ಕೆ ಆಧಾರವಿಲ್ಲ. ಓದಲು ಕಲಿತಂತೆ ಅಕ್ಷರಗಳನ್ನೂ ಸೇರಿಸಿ, ಆದರೆ ಕೀಬೋರ್ಡ್ ಮೇಜಿನ ಮೇಲಿರಲಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಬ್ಬರಿಗೂ ನೆರವು ಸಿಗುತ್ತದೆ. ತಂದೆಯ ನರರೋಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೋಡುತ್ತಿದ್ದರೆ ಅಲ್ಲಿನ ವಾಕ್ ಶ್ರವಣ ವಿಭಾಗಕ್ಕೆ ಬರೆದುಕೊಡಲು ಕೇಳಿ. ಹೋಗುವಾಗ ಬೋರ್ಡ್, ಅವರು ಬರೆದ ಒಂದು ವಾರದ ಕಾಗದಗಳು, ಬೋರ್ಡ್ ಬಳಸುವಾಗ ಅವರ ಮುಖ ಮತ್ತು ನಿಮ್ಮ ಕೈ ಎರಡೂ ಕಾಣುವಂತೆ ತೆಗೆದ ಎರಡು ನಿಮಿಷದ ವಿಡಿಯೋ ಒಯ್ಯಿರಿ. ಬೋರ್ಡಿನ ಇನ್ನೊಂದು ಪ್ರತಿಯನ್ನು ಆಸ್ಪತ್ರೆಯ ಫೈಲಿಗೆ ಪಿನ್ ಮಾಡಿ, ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ: "ಇವರಿಗೆ ಎಲ್ಲ ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ. ಕಣ್ಣು ಮೇಲೆತ್ತಿದರೆ ಹೌದು, ಎರಡು ಸೆಕೆಂಡು ಮುಚ್ಚಿದರೆ ಇಲ್ಲ. ಕನ್ನಡಕ ಹಾಕಿ ಮಾತಾಡಿಸಿ."